ಮೇಷ್ಟ್ರ ಮನೆಯ ರಾಜದ್ರೋಹ

ಮೈಸೂರಿನ ಕಾಲೇಜಿನಲ್ಲಿ ಇಂಗ್ಲೆಂಡಿನ ಇತಿಹಾಸ ಪಾಠ ಮಾಡಿ ನಿವೃತ್ತರಾದ ಬದರಿನಾಥ್ ಮೇಷ್ಟ್ರು ಕಡಲಾಚೆಯ ಸೆಂಗ್‌ಕಾಂಗ್‌ನ ಮಗನ ಫ್ಲಾಟಿಗೆ ಬರುವಾಗ ಸಿಂಹಾಸನವನ್ನೂ ಜೊತೆಗೇ ತಂದರು. ಅವರ ಊಟ ಮುಗಿಯುವವರೆಗೆ ಸೊಸೆ ನಿಶ್ಚಿತಾ ಕುರ್ಚಿಯ ಹಿಂದೆ ನಿಂತಿರಬೇಕು. ಆಫೀಸಿನಲ್ಲಿ ದುಡಿದು ದಣಿದು ಬಂದವಳು ಎಂಬ ಕನಿಕರ ಆ ಮಹಾರಾಯರಿಗೆ ಎಲ್ಲಿಂದ ಬರಬೇಕು?

ನಿಂತವಳಿಗೆ ಪಾಠ ಬೇರೆ. ಅವರಿಗೆ ಅಚ್ಚುಮೆಚ್ಚು ಎಂಟನೇ ಹೆನ್ರಿಯ ಕೊನೆಗಾಲ. ರಾಜ ಸಾಯುತ್ತಾನೆ ಎಂದು ನುಡಿಯುವುದೇ ಆಗ ರಾಜದ್ರೋಹ, ತಲೆ ಹೋಗುವ ಅಪರಾಧ. ಹಾಗಾಗಿ ಹಾಸಿಗೆ ಹಿಡಿದ ಅರಸನೆದುರು ವೈದ್ಯರೂ ಬಾಯಿ ಬಿಡಲಿಲ್ಲ. ಕೊನೆಗೊಬ್ಬ ಧೈರ್ಯ ಮಾಡಿ ಹೇಳಿದ. ಅರಸ ಧರ್ಮಗುರುವನ್ನು ಕರೆಸಿದ. ಗುರು ಬರುವಷ್ಟರಲ್ಲಿ ಮಾತು ನಿಂತುಹೋಗಿತ್ತು. ಅರಸ ಅವನ ಕೈಯನ್ನಷ್ಟೇ ಒತ್ತಿದ. ಹೇಡಿಗಳು ಎಂದು ಮೇಷ್ಟ್ರು ಪ್ರತಿಸಲ ನಗುತ್ತಿದ್ದರು.

ತಮ್ಮ ಮನೆಯ ಕಾನೂನೂ ಅದೇ ಎಂದು ಅವರಿಗೆ ಹೊಳೆಯಲೇ ಇಲ್ಲ. ತುಂಬಾ ಸೊರಗಿದ್ದೀರಿ, ಡಾಕ್ಟರಿಗೆ ತೋರಿಸೋಣ ಎಂದು ನಿಶ್ಚಿತಾ ಒಮ್ಮೆ ಹೇಳಿದ್ದಕ್ಕೆ ಅನ್ನದ ತಟ್ಟೆ ಅವಳ ಎದೆಗೆ ಬಂದು ಬಡಿಯಿತು.

"ನನ್ನ ಸಾವು ನೋಡೋ ಆಸೆನಾ ನಿಂಗೆ?"

ಗಂಡ ಸಂಕೇತ್ ತಲೆಯೆತ್ತದೆ ನೆಲ ಒರೆಸಿದ.

ಮೇಷ್ಟ್ರ ಮಗಳು ಸಿಂಚನಾ ತಾನು ಮೆಚ್ಚಿದವನನ್ನು ಮದುವೆಯಾಗಿ ಅದೇ ಊರಿನ ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಪ್ರತಿ ಭಾನುವಾರ ಅತ್ತಿಗೆಗೆ ಫೋನ್ ಮಾಡಿ, ಅಪ್ಪನಿಗೆ ಕೊಡಿ ಎಂದು ಅಂಗಲಾಚುವಳು. ಅಪ್ಪ ಮುಟ್ಟುತ್ತಿರಲಿಲ್ಲ. ದೀಪಾವಳಿಗೆ ಬಂದು ಕಾಲಿಗೆ ಬೀಳಲಿ, ಆಗ ಕ್ಷಮಿಸೋಣ ಎಂಬುದು ಅಪ್ಪಣೆ.

ಹೊಟ್ಟೆನೋವು ತಾಳಲಾರದೆ ಕೊನೆಗೆ ಅವರೇ ಆಸ್ಪತ್ರೆಗೆ ಹೊರಟರು. ಡಾಕ್ಟರು ಸಂಕೇತನನ್ನು ಪಕ್ಕಕ್ಕೆ ಕರೆದು ಕ್ಯಾನ್ಸರ್ ಎಂದರು. ದೀಪಾವಳಿಯವರೆಗೆ ಬದುಕುವುದು ಅನುಮಾನ. ಪುಕ್ಕಲ ಸಂಕೇತ್ ಅಪ್ಪನಿಗೆ ಗ್ಯಾಸ್ಟ್ರಿಕ್ ಎಂದ. ಹೆಂಡತಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ.

ಮುಂದಿನ ಭಾನುವಾರವೂ ಫೋನ್ ಬಂತು. ಕುರ್ಚಿಯ ಹಿಂದಿನಿಂದ ನಿಶ್ಚಿತಾ ಅದನ್ನು ಚಾಚಿದಳು. ಮೇಷ್ಟ್ರು ಕತ್ತು ತಿರುಗಿಸಲಿಲ್ಲ.

"ಕಾಯ್ಲಿ. ದೀಪಾವಳಿಗೆ ಬರ್ಲಿ."

ಅವಳ ಒಂದೇ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ತಟ್ಟೆ ನೆನಪಾಯಿತು. ಆಯ್ತು ಮಾವ ಎಂದು ಫೋನ್ ಹಿಂದಕ್ಕೆಳೆದುಕೊಂಡಾಗ ಅವಳಿಗೆ ಒಳಗೊಳಗೇ ಹಿತವಾಯಿತು.

ತಿಂಗಳು ತುಂಬುವುದರೊಳಗೆ ಮೇಷ್ಟ್ರು ಆಸ್ಪತ್ರೆಯ ಮಂಚ ಸೇರಿದರು. ಒಂದು ಬೆಳಿಗ್ಗೆ, ನಿಜ ಹೇಳು ಎಂದು ಸೊಸೆಯನ್ನೇ ಕೇಳಿದರು. ಅವಳು ಹೇಳಿದಳು, ಯಾವತ್ತು ಗೊತ್ತಾಯಿತು ಎಂಬುದನ್ನೂ ಬಿಡದೆ. ಸಿಂಚನಾಳನ್ನು ಕರೆಸು ಎಂದರು ಅವರು. ನಿಶ್ಚಿತಾ ಹೊದಿಕೆ ಮಡಿಸಿದಳು, ಬಾಟಲಿಗೆ ನೀರು ತುಂಬಿಸಿ ತಂದಳು, ಕಾಫಿ ಕುಡಿದಳು. ಆಮೇಲೆ ಫೋನ್ ಮಾಡಿದಳು.

ಸಿಂಚನಾ ಓಡೋಡಿ ಬಂದಳು. ಅಷ್ಟರಲ್ಲಿ ಅಪ್ಪನ ಮಾತು ನಿಂತಿತ್ತು. ಅವರು ಮಗಳ ಕೈ ಹಿಡಿದು ಒತ್ತಿದರು, ಬಿಡಲಿಲ್ಲ.

"ಅತ್ತಿಗೆ, ಅಪ್ಪ ಏನೋ ಹೇಳ್ಬೇಕು ಅಂತಿದ್ದಾರೆ. ನನ್ ಬಗ್ಗೆ ಏನಾದ್ರೂ ಹೇಳಿದ್ರಾ?"

ನಿಶ್ಚಿತಾ ಮಾವನ ಮುಖವನ್ನೇ ನೋಡುತ್ತಾ ನಿಂತಳು.

"ದೀಪಾವಳಿಗೆ ಬರ್ಲಿ ಅಂದಿದ್ರು."

ಮೇಷ್ಟ್ರಿಗೆ ಕಿವಿ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.