ಅಲ್ಲಾಡದ ಹೊಗೆ

ಬಸ್ಸಿನೊಳಗೆ ನನಗೆ ಚಳಿಯಾಯಿತು. ಅದಕ್ಕೇ ಹೊರಗೆ ಬಂದೆ. ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮೊದಲು ಹೋಗಿ ನಿಲ್ಲುವುದು ಇಲ್ಲೇ. ಕೈಗೊಂದು ಶಾಲು ಸಿಕ್ಕಿದ್ದರೆ ನಾನೂ ಹೊದ್ದು ಮಲಗಿಬಿಡುತ್ತಿದ್ದೆ.

ಬಸ್ಸು ಅಣ್ಣನದು. ಯಾವುದೋ ಶಾಲೆಯವರು ಮಾರಿದ್ದನ್ನು ಕೊಂಡು, ಬೈಲಹೊಂಗಲದ ನಮ್ಮ ಮನೆಯ ಮುಂದೆ ನಿಲ್ಲಿಸಿ, ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಅಡುಗೆಕಟ್ಟೆ, ಕೈತೊಳೆಯಲು ಒಂದು ಬೇಸಿನ್ ಕೂರಿಸಿದ್ದ. ಓಣಿಯವರು ಅದನ್ನು ಗಾಲಿಮನಿ ಎಂದು ಕರೆಯುತ್ತಿದ್ದರು. ಹೃದಯದ ಕಾಯಿಲೆಯಾದ ಮೇಲೆ ಅವ್ವನಿಗೆ ಬಿಸಿಲು ತಾಳುತ್ತಿರಲಿಲ್ಲ. ಆದರೂ ರಾಮದುರ್ಗದ ಕಡೆ ಇರುವ ತಂಗಿಯನ್ನು ನೋಡಬೇಕು ಎನ್ನುವುದನ್ನು ಬಿಟ್ಟಿರಲಿಲ್ಲ. ಬಸ್ಸಿಗೆ ಏಸಿ ಬಂದದ್ದು ಅವಳಿಗಾಗಿ.

ಏಸಿ ಬಂತು, ತಂಪು ಬರಲಿಲ್ಲ. ತಗಡಿನ ಚಾವಣಿ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಅಣ್ಣ ಮೇಲೆ ಬಿಳಿ ಬಣ್ಣ ಬಳಿದ, ಒಳಗೆ ಥರ್ಮೋಕೋಲ್ ಅಂಟಿಸಿದ, ಗಾಜಿಗೆ ದಪ್ಪ ಪರದೆ ಹಾಕಿದ. ಆಮೇಲೆ ಊದುಬತ್ತಿ ಹಚ್ಚಿಕೊಂಡು ಒಂದೊಂದೇ ಕಿಟಕಿಯ ಅಂಚಿಗೆ ಹಿಡಿಯುತ್ತ ಹೋದ.

"ಬಸ್ಸಿಗೆ ಪೂಜಿ ಮಾಡಾಕತ್ತಿ ಏನೋ? ಹಂಗಾರ ಒಂದ ಕಾಯಿನೂ ಒಡಿ," ಎಂದಳು ಅವ್ವ.

"ನಗಬ್ಯಾಡಬೇ. ಹೊಗಿ ಎಲ್ಲಿ ಬಾಗತೈತಿ, ಅಲ್ಲಿಂದ ನಿನ್ನ ತಂಪ ಓಡಿ ಹೊಂಟೈತಿ."

ಹೊಗೆ ಬಾಗಿದ ಕಡೆಯೆಲ್ಲ ಹತ್ತಿ ತುರುಕಿದೆವು. ಅವ್ವ ತನ್ನ ಹಳೆಯ ಗಾದಿಯನ್ನೇ ಬಿಚ್ಚಿ ಹತ್ತಿ ಕೊಟ್ಟಳು. ಕೊನೆಗೆ ಅಣ್ಣ ಬಸ್ಸಿನ ನಡುವೆ ನಿಂತು ಊದುಬತ್ತಿ ಎತ್ತಿ ಹಿಡಿದ. ಹೊಗೆ ನೂಲು ಎಳೆದಂತೆ ನೆಟ್ಟಗೆ ಮೇಲೇರಿತು. "ನೋಡ್ರಿ, ಅಲ್ಲಾಡವಲ್ದು!" ಎಂದ. ನಾವು ಚಪ್ಪಾಳೆ ಹೊಡೆದೆವು.

ಇನ್ನೊಂದು ಕೆಲಸ ಉಳಿದಿತ್ತು. ಏಸಿಯ ಹೊರಗಿನ ಡಬ್ಬಿಯೂ ಜನರೇಟರೂ ಹಿಂದಿನ ಡಿಕ್ಕಿಯಲ್ಲಿ ಅಕ್ಕಪಕ್ಕ ಇದ್ದವು. ಜನರೇಟರಿನ ಬಿಸಿ ಹೊಗೆ ಡಬ್ಬಿಗೆ ಬಡಿದರೆ ಏಸಿ ಸೋಲುತ್ತದೆಂದು ಅಣ್ಣ ಹೊಗೆಯ ಕೊಳವೆಗೆ ಉದ್ದ ಪೈಪು ಬೆಸೆಯಿಸಿ, ಬಸ್ಸಿನ ಹೊಟ್ಟೆಯ ಕೆಳಗಿನಿಂದ ಮುಂದೆ ತಂದು, ನಡುಭಾಗದಲ್ಲಿ ಬಲಕ್ಕೆ ತಿರುಗಿಸಿದ. ಏಸಿ ನಿಜಕ್ಕೂ ಜೀವ ಪಡೆಯಿತು. ಬೇಸಿನ್ನಿನ ನೀರು ಹೋಗಲು ಅದೇ ಜಾಗದಲ್ಲಿ ನೆಲಕ್ಕೊಂದು ತೂತು ಕೊರೆದಿದ್ದೆವು. ಊದುಬತ್ತಿಯನ್ನು ಯಾರೂ ನೆಲದ ಕಡೆ ಹಿಡಿದಿರಲಿಲ್ಲ.

ಮನೆ ನೋಡಿಕೊಳ್ಳಲು ಅಪ್ಪ ಉಳಿದ. ನಾವು ಮೂವರು ಹೊರಟೆವು. ಯರಗಟ್ಟಿ ದಾಟಿದ ಮೇಲೆ ಬಿಸಿಲು ಕಣ್ಣು ಬಿಡಗೊಡಲಿಲ್ಲ. ರಸ್ತೆಗೆ ಅಂಟಿಕೊಂಡ ಹೊಲವೊಂದರಲ್ಲಿ ಜೋಳದ ಕಣಕಿಯ ದೊಡ್ಡ ಬಣವೆ ಕಂಡಿತು. ಹೊಲದ ಹೆಣ್ಣುಮಗಳನ್ನು ಕೇಳಿದೆವು.

"ನಿಲ್ಲಸ್ರಿ. ನೆಳ್ಳಿಗೆ ಬಾಡಿಗಿ ಇಸ್ಕೊಳ್ಳೂ ಮಂದಿ ಅಲ್ರಿ ನಾವು," ಎಂದಳು.

ನೆರಳು ಪೂರಾ ಸಿಗಲೆಂದು ಅಣ್ಣ ಬಾಗಿಲಿಲ್ಲದ ಬಲಮೈಯನ್ನು ಬಣವೆಗೆ ಒತ್ತಿ ಬಸ್ಸು ನಿಲ್ಲಿಸಿದ. ಊಟ ಮುಗಿಸಿ ಜನರೇಟರ್ ಹಚ್ಚಿ, ಬಾಗಿಲು ಹಾಕಿ ಮಲಗಿದೆವು. ಸ್ವಲ್ಪ ಹೊತ್ತಿಗೆ ನನಗೆ ಚಳಿ. ಎದ್ದು ಬಂದು ಬದುವಿನ ಬೇವಿನ ಕೆಳಗೆ ಕುಳಿತೆ. ತಲೆ ಭಾರವಾಗಿತ್ತು. ಬಿಸಿಲಿನದು ಎಂದುಕೊಂಡೆ.

ಆ ಹೆಣ್ಣುಮಗಳು ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇನ್ನೊಂದರಲ್ಲಿ ಕುಂಕುಮದ ಭರಣಿ ಹಿಡಿದು ಬಂದಳು.

"ನಿಮ್ಮವ್ವನ್ನ ಎಬ್ಬಸ್ರಿ."

"ಮಲಗ್ಲಿ ಬಿಡ್ರಿ. ಭಾಳ ದಿನದ ಮ್ಯಾಲ ತಂಪಿನ್ಯಾಗ ನಿದ್ದಿ ಹತ್ತೇತಿ."

"ನಾ ಮನಿಗೆ ಹೊಂಟೇನ್ರಿ. ಮುತ್ತೈದಿ ನಮ್ಮ ಹೊಲಕ್ಕ ಬಂದು ಬರೇ ಹಣೀಲೆ ಹೋಗೂದ ಹ್ಯಾಂಗ? ಕುಂಕುಮ ಹಚ್ಚಿ ಹೋಗತೇನಿ."

"ಆಮ್ಯಾಲ ನಾನ ಹಚ್ಚತೇನಿ, ಇಲ್ಲೇ ಕೊಡ್ರಿ."

"ನೀವು ಹಚ್ಚಿದ್ರ ನಾ ಹಚ್ಚಿದಂಗ ಆಗತೇತೇನು? ಓದಿದವರು ಹಿಂಗ ಮಾತಾಡ್ತೀರಿ ನೋಡ್ರಿ," ಎಂದು ನಕ್ಕಳು. ನಾನು ಬೇಸರದಿಂದಲೇ ಎದ್ದೆ.

ಬಾಗಿಲು ಸರಿಸಿದೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. "ಅವ್ವಾ" ಎಂದೆ. ಪಕ್ಕದ ಓಣಿಯಲ್ಲಿ ಯಾರೋ ಯಾರನ್ನೋ ಕರೆದರೂ ನಿದ್ದೆಯಲ್ಲೇ "ಓ" ಎನ್ನುವವಳು ನನ್ನ ಅವ್ವ. ಮಾತಿಲ್ಲ. ಮುಖ ಕೆಂಪೇರಿತ್ತು. ಭುಜ ಹಿಡಿದು ಅಲುಗಿಸಿದರೆ ತಲೆ ಒಂದು ಕಡೆಗೆ ಜಾರಿತು. ಅಣ್ಣ ಮಂಚದಿಂದ ಕೆಳಗೆ ಬಿದ್ದಿದ್ದ; ಮೊಣಕೈ ಊರಿ ಏಳಲು ನೋಡಿ ವಾಂತಿ ಮಾಡಿಕೊಂಡ. "ಜನರೇಟರ... ಬಂದ ಮಾಡ" ಎಂದದ್ದು ತಡವರಿಸಿ ಬಂತು.

ಬಿ.ಎಸ್ಸಿ. ಓದುವಾಗ, ಎಂಜಿನ್ನಿನ ಹೊಗೆಯಲ್ಲಿರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆಗ ಅದೇನೂ ನೆನಪಾಗಲಿಲ್ಲ. ಅವ್ವ ಸತ್ತಳು ಎಂದಷ್ಟೇ ಅನಿಸಿತು.

"ಕಾಲ ಹಿಡೀರಿ, ನಿಂತೀರ್ಯಾಕ!" ಎಂದು ಆ ಹೆಣ್ಣುಮಗಳು ಒದರಿದಳು. ಇಬ್ಬರೂ ಅವ್ವನನ್ನು ಎತ್ತಿ ಕೆಳಗಿಳಿಸಿದೆವು. ಭರಣಿ ಎಲ್ಲೋ ಉರುಳಿತ್ತು. ಅವ್ವನ ಸೆರಗಿನ ಮೇಲೆ ಕೆಂಪು ಕಂಡು, ರಕ್ತವೆಂದು ನಾನು ಚೀರಿದೆ. ಜನರೇಟರ್ ಬಂದ್ ಮಾಡಿ ಬರುವಷ್ಟರಲ್ಲಿ ಅಣ್ಣ ತೆವಳಿಕೊಂಡು ಬಾಗಿಲಿಗೆ ಬಂದಿದ್ದ. ಉಳ್ಳಾಗಡ್ಡಿ ತುಂಬಿದ ಟೆಂಪೊ ಒಂದನ್ನು ಅವಳೇ ರಸ್ತೆಗೆ ಅಡ್ಡ ನಿಂತು ತಡೆದಳು. ಚೀಲಗಳ ಮೇಲೆ ಅವ್ವನನ್ನೂ ಅಣ್ಣನನ್ನೂ ಮಲಗಿಸಿ ಯರಗಟ್ಟಿಗೆ ಒಯ್ದೆವು. ದಾರಿಯುದ್ದಕ್ಕೂ ಅವ್ವನ ಮೂಗಿನ ಕೆಳಗೆ ಬೆರಳಿಟ್ಟುಕೊಂಡಿದ್ದೆ. ಗಾಳಿ ಬರುತ್ತಿದ್ದುದು ಅವಳ ಮೂಗಿನಿಂದಲೋ ಓಡುವ ಗಾಡಿಯಿಂದಲೋ ತಿಳಿಯುತ್ತಿರಲಿಲ್ಲ.

ಆಕ್ಸಿಜನ್ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಅವ್ವ ಕಣ್ಣು ಬಿಟ್ಟಳು. ಡಾಕ್ಟರು, "ಇನ್ನೊಂದೀಟು ತಡಾ ಆಗಿದ್ರ..." ಎಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

ಪೈಪಿನ ಬಾಯಿಗೆ ಬಣವೆ ಅಡ್ಡವಾಗಿ, ಹೊಗೆ ಬೇಸಿನ್ನಿನ ತೂತಿನಿಂದ ಒಳಗೇರಿತ್ತು. ಅಣ್ಣ ಈಗ ಜನರೇಟರನ್ನೇ ತೆಗೆದುಹಾಕಿದ್ದಾನೆ. ಕಿಟಕಿಗಳ ಹತ್ತಿಯನ್ನು ಉಗುರಿನಿಂದ ಕಿತ್ತ. ಯಾವ ಸಂದಿನಲ್ಲೂ ಒಂದೆಳೆ ಉಳಿಸಲಿಲ್ಲ. ಹಗಲು ನಿದ್ದೆಯಲ್ಲಿರುವ ಅವ್ವನನ್ನು ನಾನು ಮತ್ತೆ ಮತ್ತೆ ಕರೆಯುತ್ತೇನೆ. "ಸತ್ತಿಲ್ಲ ಮಾರಾಯ್ತಿ, ಮಲಗಾಕ ಬಿಡ," ಎಂದು ಬೈಯುತ್ತಾಳೆ.

ಮೊನ್ನೆ ನಸುಕಿನಲ್ಲೇ ಹೊರಟು, ಕಿಟಕಿಗಳನ್ನೆಲ್ಲ ತೆರೆದು, ಕೊನೆಗೂ ಅವಳನ್ನು ತಂಗಿಯ ಮನೆಗೆ ಕರೆದೊಯ್ದೆವು. ಆ ಹೊಲದ ಮುಂದೆ ಬಸ್ಸು ನಿಲ್ಲಿಸಿ ಕುಂಕುಮ ಹಚ್ಚಿಸಿಕೊಂಡೆವು. ಮತ್ತೆ ಹೊರಟಾಗ ಬಿಸಿಲೇರಿತ್ತು. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅಂದಳು:

"ಏನ ಹೇಳ್ರಿ, ಅವತ್ತ ಎಷ್ಟ ತಂಪಿತ್ತು! ಜೀವಕ್ಕ ಹಾಯ್ ಅನಸ್ತಿತ್ತು. ಮತ್ತ ಹಂಗ ಮಾಡಾಕ ಬರಂಗಿಲ್ಲೇನೋ?"

ನಾನು ಎದ್ದು, ಆಗಲೇ ಪೂರ್ತಿ ತೆರೆದಿದ್ದ ಅವಳ ಪಕ್ಕದ ಕಿಟಕಿಯನ್ನು ಇನ್ನಷ್ಟು ಸರಿಸಲು ನೋಡಿದೆ.