ಮೊಣಕೈ ಅದ್ದಿ ನೋಡಿದ ನೀರು

ಮಾಘದ ಚಳಿ ಇನ್ನೂ ಹೊಳೆದಂಡೆ ಬಿಟ್ಟು ಎದ್ದಿಲ್ಲ. ನಸುಕಿನಲ್ಲೇ ಹರಿಹರದ ಓಣಿಯೊಂದರ ಹಿತ್ತಲಲ್ಲಿ ಬೋರೆ ಎಲೆ ಹಾಕಿದ ನೀರು ಕುದಿದು ಇಳಿದಿದೆ. ತಣ್ಣೀರು ಬೆರೆಸಿದ ಹಜೀರಾಬೀ ಮೊಣಕೈ ಅದ್ದಿ ನೋಡುತ್ತಾಳೆ, ಕೂಸಿಗೆ ಎರೆಯುವವರ ಹಾಗೆ. ಪರದೆಯೊಳಗೆ ಹಲಗೆಯ ಮೇಲೆ ಮಲಗಿರುವುದು ರಾತ್ರಿ ತೀರಿಕೊಂಡ ಮುದುಕಿ.

"ಬೆಚ್ಚಗೈತಾ, ತಾಯಿ?"

ಉತ್ತರಕ್ಕೆ ಕಾದವಳಂತೆ ತುಸು ನಿಂತು ಮೊದಲ ತಂಬಿಗೆ ಸುರಿಯುತ್ತಾಳೆ.

ಓಣಿಯ ಹೆಂಗಸರು ತೀರಿಕೊಂಡರೆ ಮೈತೊಳೆದು, ಕಫನಿನ ಬಿಳಿ ಬಟ್ಟೆ ಸುತ್ತಿ, ಅತ್ತರು ಹಚ್ಚಿ ಕಳಿಸುವವಳು ಇವಳೇ. ಅತ್ತೆಯಿಂದ ಬಂದ ಕೆಲಸ, ಕಾಸು ಮುಟ್ಟುವುದಿಲ್ಲ. ಹೊಟ್ಟೆಪಾಡಿಗೆ ಗುತ್ತೂರಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುತ್ತಾಳೆ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಆ ಅತ್ತರಿನ ವಾಸನೆ, ಸುಟ್ಟ ಮರದ ಹೊಗೆಯಂಥದ್ದು, ಬೆರಳಿಗೆ ಅಂಟಿಕೊಂಡುಬಿಟ್ಟಿದೆ. ಬಸ್ಸಿನಲ್ಲಿ ಗುರುತಿನವರೇ ಪಕ್ಕದ ಸೀಟು ಬಿಟ್ಟು ಕೂರುತ್ತಾರೆ.

"ಕೆಟ್ಟೋರಲ್ಲ ಬಿಡ್ರಿ. ಮೂಗಿಗೆ ನೆನಪು ಬಂದ್ಬಿಡ್ತೈತೆ. ಶಾದಿ ಮನೇಲಿ ನನ್ ಮುಂದೆ ತಟ್ಟೆ ಬರ್ತೈತೆ, ಪಕ್ಕಕ್ಕೆ ಯಾರೂ ಬರಲ್ಲ," ಎನ್ನುತ್ತಾಳೆ ಹಜೀರಾಬೀ.

ಈಗ ಓಣಿಯ ಹುಡುಗಿ ಜೈನಾಬಿ ತನ್ನ ಮದುವೆಗೆ ಕರೆದಿದ್ದಾಳೆ. ಹೋದ ವರ್ಷ ತಾಯಿ ತೀರಿಕೊಂಡಾಗ ಒಂದು ತಂಬಿಗೆ ಮಗಳು ಹಾಕಬೇಕಿತ್ತು. ಹೆದರಿ ಪರದೆಯಾಚೆ ನಿಂತುಬಿಟ್ಟಳು. ಅವಳ ಪಾಲಿನದನ್ನೂ ಹಜೀರಾಬೀಯೇ ಹಾಕಿದಳು. "ಆ ತಂಬಿಗೆ ನನ್ ಮೇಲೆ ಉಳಿದೈತೆ ಖಾಲಾ. ಅರಿಶಿನದ ದಿನ ನಂಗೆ ಮೊದಲನೇ ನೀರು ನಿಮ್ ಕೈಯಿಂದ್ಲೇ," ಎಂದಿದ್ದಾಳೆ.

ಮದುವೆಗೆ ಬೇರೆ ವಾಸನೆ ಹುಡುಕಿ ಬಂದ ಹಜೀರಾಬೀಯ ಒಂದು ಮಣಿಕಟ್ಟಿಗೆ ದಾವಣಗೆರೆಯ ಅತ್ತರಂಗಡಿಯ ಅಬ್ರಾರ್ ಅವಳ ಹಳೆಯ, ಮರದ ವಾಸನೆಯ ಅತ್ತರು, ಇನ್ನೊಂದಕ್ಕೆ ಹೊಸದು ಹಚ್ಚುತ್ತಾನೆ.

"ಇದು ಸಮುದ್ರದ ಗಾಳಿ. ಹಚ್ಕೊಂಡ್ರೆ ನೀವಂತ ಯಾರಿಗೂ ಗುರ್ತಾಗಲ್ಲ. ಸಮುದ್ರ ನೋಡೀರೇನು?"

"ಹೊಳೆ ನೋಡೀನಿ, ಸಾಕು."

ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತು ಎರಡೂ ಕೈ ಮೂಸುತ್ತಾಳೆ. ಸಮುದ್ರ ತಣ್ಣಗಿದೆ, ತೊಳೆದಿಟ್ಟ ಪಿಂಗಾಣಿಯ ಹಾಗೆ. ಯಾರ ಮುಖವೂ ಅದರಲ್ಲಿ ನೆನಪಾಗುವುದಿಲ್ಲ. ಕೊನೆಗೆ ಆ ಸೀಸೆಯನ್ನು ಹಿಂದಕ್ಕೆ ಸರಿಸುತ್ತಾಳೆ.

"ಆ ಹುಡುಗಿ ಕರೆದಿರೋದು ಈ ಕೈನ. ಕೈಗೂ ಬುರ್ಖಾ ಹಾಕ್ಲೇನು?"

ಅರಿಶಿನದ ದಿನ ಅವಳು ಬಚ್ಚಲಿಗೆ ಬರುತ್ತಲೇ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹುಡುಗಿಯ ಸೋದರತ್ತೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾಳೆ. ಹಜೀರಾಬೀ ಮೊಣಕೈ ಅದ್ದಿ ನೋಡಿ, ಒಂದು ತಂಬಿಗೆ ತುಂಬಿ ಸುರಿದು, ರೂಢಿಯಂತೆ ಕೇಳಿಬಿಡುತ್ತಾಳೆ.

"ಬೆಚ್ಚಗೈತಾ, ತಾಯಿ?"

"ಬಿಸಿ ಜಾಸ್ತಿ ಆತು ಖಾಲಾ. ಇನ್ನೊಂಚೂರು ತಣ್ಣೀರು ಬೆರೆಸ್ರಿ."



"ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಹೇಳಿದ್ರು ನೋಡ್ರಿ," ಎನ್ನುತ್ತ ಹಜೀರಾಬೀ ತಣ್ಣೀರಿನ ಕೊಡಕ್ಕೆ ಬಗ್ಗುತ್ತಾಳೆ.