ಹೆಸರುಕಾಳಿಗೆ ನೀರು ಹಾಕಿದ್ದು

ಒಂದು ಹಿಡಿ ಹೆಸರುಕಾಳಿಗೆ ನೀರು ಹಾಕಿ ತಲೆತಗ್ಗಿಸಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಹೋದ ತಿಂಗಳವರೆಗೂ ನಾನು ನಕ್ಕುಬಿಡುತ್ತಿದ್ದೆ.

ಹೋದ ತಿಂಗಳು ಕಾಶಿಗೆ ಹೋಗಿದ್ದೆ. ನನ್ನ ತಂಗಿಯ ಮಗಳು ವಿನುತಾ ಅಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಲಂಕಾದಲ್ಲಿ ಪುಸ್ತಕದಂಗಡಿಯೊಂದರ ಮೇಲಿನ ಅವಳ ರೂಮಿನಲ್ಲೇ ನನ್ನ ಠಿಕಾಣಿ. (ಗಾಬರಿಯಾಗಬೇಡಿ, ಯೂನಿವರ್ಸಿಟಿ ಗೇಟಿನ ಎದುರಿನ ಮಾರ್ಕೆಟ್ಟಿಗೆ ಅಲ್ಲಿ ಲಂಕಾ ಅಂತಲೇ ಹೆಸರು.) ದರ್ಶನವೆಲ್ಲ ಮುಗಿದಿತ್ತು. ಮರುದಿನ ಇಬ್ಬರೂ ಒಟ್ಟಿಗೆ ಮೈಸೂರಿಗೆ ಹೊರಡುವವರಿದ್ದೆವು. ಅವಳ ಅಕ್ಕನ ಮಗುವಿಗೆ ನಾಮಕರಣ. ವಿನುತಾ ಆ ಮಗುವಿನ ಮುಖವನ್ನೇ ಇನ್ನೂ ನೋಡಿರಲಿಲ್ಲ. ಅಂಗಡಿ ಅಂಗಡಿ ಸುತ್ತಿ ಪುಟ್ಟದೊಂದು ಬನಾರಸಿ ಲಂಗ ಕೊಂಡಿದ್ದಳು.

"ದೊಡ್ಡಮ್ಮ, ನನ್ನ ಲ್ಯಾಬ್ ನೋಡ್ಬನ್ನಿ" ಎಂದು ಕರೆದುಕೊಂಡು ಹೋದಳು. ಮೇಜಿನ ತುಂಬ ಗಾಜಿನ ತಟ್ಟೆಗಳು. ಒಂದೊಂದರಲ್ಲೂ ಒದ್ದೆ ಕಾಗದ, ಅದರ ಮೇಲೆ ಹೆಸರುಕಾಳು.

"ಎರಡೇ ಮಿನಿಟ್, ಬಂದೆ. ಏನೂ ಮುಟ್ಬೇಡಿ, ಹಾಂ?" ಎಂದು ಹೊರಗೆ ಓಡಿದಳು.

ಮುಟ್ಟಬೇಡಿ ಅಂದರೆ ಸುಮ್ಮನಿರುವವಳಾ ನಾನು? ಬೇರೆಯವರ ಮನೆಗೆ ಹೋದರೂ ಕೇಳದೆಯೇ ಗ್ಯಾಸಿನ ಉರಿ ಸಣ್ಣ ಮಾಡುವವಳು.

ಕೆಲವು ತಟ್ಟೆಗಳಲ್ಲಿ ಕಾಳು ಚೆನ್ನಾಗಿ ಉಬ್ಬಿ, ಸಿಪ್ಪೆ ಬಿರಿದು, ಬಿಳಿ ಮೊಳಕೆ ಇಣುಕುತ್ತಿತ್ತು. ಇನ್ನು ಕೆಲವದರಲ್ಲಿ ಅರ್ಧಂಬರ್ಧ ಉಬ್ಬಿ, ಸುಕ್ಕು ಸುಕ್ಕಾಗಿ ನಿಂತುಬಿಟ್ಟಿತ್ತು. ಅಯ್ಯೋ, ಇವಕ್ಕೆ ನೀರು ಸಾಲದು! ಮದುವೆಯಾದಾಗಿನಿಂದ ಕಾಳು ನೆನೆಸಿ ಮೊಳಕೆ ಕಟ್ಟಿದ ಕೈ ನನ್ನದು. ಬ್ಯಾಗಿನಿಂದ ಬಾಟಲಿ ತೆಗೆದು ಧಾರಾಳವಾಗಿ ಸುರಿದೆ.

ವಾಪಸ್ ಬಂದ ವಿನುತಾ ಬಾಗಿಲಲ್ಲೇ ನಿಂತಳು.

"ದೊಡ್ಡಮ್ಮ... ನೀರು ಹಾಕಿದ್ರಾ?"

"ಒಣಗ್ತಿತ್ತಲ್ಲೇ, ಪಾಪ."

"ಒಣಗ್ತಿರ್ಲಿಲ್ಲ. ನೀರಲ್ಲೇ ಇತ್ತು. ಆ ನೀರಿಗೆ ಸೀಸ ಬೆರೆಸಿದ್ದೆ. ಸೀಸ ಜಾಸ್ತಿ ಆದಷ್ಟೂ ಕಾಳಿಗೆ ನೀರು ಹೀರ್ಕೊಳ್ಳೋಕೆ ಆಗಲ್ಲ. ಎಷ್ಟು ಕುಡೀತು ಅಂತ ತೂಕ ನೋಡ್ತಿದ್ದೆ. ಇವತ್ತಿನ ತೂಕ ತಗೊಂಡಿದ್ರೆ ಮುಗೀತಿತ್ತು."

ಊರಾಚೆಯ ಕೆಲವು ಹೊಲಗಳಿಗೆ ಸೀಸ ಬೆರೆತ ಚರಂಡಿಯ ನೀರೇ ಹರಿಯುತ್ತದಂತೆ. ಅಲ್ಲಿ ಬಿತ್ತಿದ ಬೀಜ ಎಷ್ಟು ವಿಷ ತಡೆದೀತು? ಅದು ಅವಳ ಪ್ರಶ್ನೆ. ಉತ್ತರ ಸಿಗುವ ದಿನವೇ ನಾನು ಬಾಟಲಿ ಬಗ್ಗಿಸಿದ್ದೆ.

ಅಷ್ಟರಲ್ಲಿ ಅವಳ ಗೈಡ್ ಪ್ರೊಫೆಸರು ಒಳಗೆ ಬಂದರು. "ನಮಸ್ತೆ ಮಾತಾಜಿ" ಎಂದು ನನಗೆ ಕೈಮುಗಿದು, ಕುರ್ಚಿ ಎಳೆದುಕೊಟ್ಟು, ಮೇಜಿನ ಕಡೆ ತಿರುಗಿದರು. ಮುಖ ಬದಲಾಯಿತು.

"ಯೇ ಕಿಸ್‌ನೇ ಕಿಯಾ?"

ಇದನ್ನು ಮಾಡಿದ್ದು ಯಾರು? ಅಷ್ಟು ಹಿಂದಿ ನನಗೂ ಅರ್ಥವಾಗುತ್ತದೆ. ವಿನುತಾ ನನ್ನತ್ತ ಒಂದು ಸಲ ನೋಡಿದಳು. ನಾನು ಕಿಟಕಿಯಾಚೆಯ ಮಾವಿನ ಮರ ನೋಡತೊಡಗಿದೆ.

"ಮುಝ್‌ಸೇ ಹೋ ಗಯಾ, ಸರ್" ಎಂದಳು. ನನ್ನಿಂದಲೇ ಆಯಿತು, ಸರ್.

ಅವರು ಕೂಗಾಡಲಿಲ್ಲ. ಎಲ್ಲ ಮೊದಲಿಂದ ಮಾಡು, ಅಲ್ಲಿಯವರೆಗೆ ಊರಿನ ಮಾತಿಲ್ಲ ಎಂದರು. ನೀನು ಇಷ್ಟು ಬೇಜವಾಬ್ದಾರಿ ಅಂತ ಗೊತ್ತಿರಲಿಲ್ಲ ಎಂದೂ ಸೇರಿಸಿದರು. ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ? ತಲೆ ನರೆತ ಹೆಂಗಸನ್ನು ಅವರೇನು ಮಾಡುತ್ತಿದ್ದರು? ಹೆಚ್ಚೆಂದರೆ ಒಂದು ಕಪ್ ಚಹಾ ಕೊಟ್ಟು ಕಳಿಸುತ್ತಿದ್ದರು. ಆದರೂ ವಾರವಾರ ಈ ಅಂಕಣದಲ್ಲಿ ನಿಮಗೆ ಪ್ರಾಮಾಣಿಕತೆಯ ಪಾಠ ಹೇಳುವವಳ ಬಾಯಿಗೆ ಬೀಗ ಬಿದ್ದಿತ್ತು.

ಸ್ಟೇಷನ್ನಿಗೆ ಬಂದು ನನ್ನ ಚೀಲ ಹತ್ತಿಸಿದ್ದೂ ಅವಳೇ. ಲಂಗದ ಪೊಟ್ಟಣ ಕೈಗಿಟ್ಟು, "ನೀವೇ ತೊಡಿಸ್ಬಿಡಿ. ಬೇಜಾರ್ ಮಾಡ್ಕೋಬೇಡಿ ದೊಡ್ಡಮ್ಮ" ಎಂದಳು. ಒಂದು ಸಲ ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ನಾಮಕರಣದ ದಿನ ತಂಗಿ ಎಲ್ಲರೆದುರು ಗೊಣಗಿದಳು. "ನಮ್ಮ ವಿನುತಾಗೆ ಮನೆಯವರಿಗಿಂತ ಆ ಕಾಳುಗಳೇ ಹೆಚ್ಚು." ನಾನೇನು ಮಾಡಿದೆ? "ಏನೋ ಕೆಲಸ ಬಂತಂತೆ" ಎಂದು ಎರಡನೇ ಸಲ ಪಾಯಸ ಬಡಿಸಿಕೊಂಡೆ.



ಮೊನ್ನೆ ತಡೆಯಲಾರದೆ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಅಷ್ಟು ಜನದ ಮುಂದೆ ನನ್ನ ಮಗಳನ್ನ ಅಂದ್ಬಿಟ್ಟೆನಲ್ಲಕ್ಕ. ಪಕ್ಕದಲ್ಲೇ ಕೂತಿದ್ರಿ ನೀವು" ಎಂದು ಫೋನಿಟ್ಟಳು.

ಉಳಿದವರು ಆ ಪ್ರೊಫೆಸರು. ಅವರ ಪಾಲಿಗೆ ವಿನುತಾ ಇವತ್ತಿಗೂ ಬೇಜವಾಬ್ದಾರಿ ಹುಡುಗಿ. ಊರಿಗೆಲ್ಲ ಕೇಳುವಂತೆ ತಪ್ಪೊಪ್ಪಿಕೊಂಡಿದ್ದೀರಲ್ಲ, ಇನ್ನೇನು ಬೇಕು ಎಂದು ನೀವು ಸಮಾಧಾನ ಹೇಳಬಹುದು.

ಅವರಿಗೆ ಕನ್ನಡ ಓದಲು ಬರುತ್ತಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೇ?